ಸೈಟ್ ಕ್ಯಾಬಿನ್‌ಗೆ ಸೌರ ವಿದ್ಯುತ್: ಓದುಗರ ಪ್ರಶ್ನೆ, ತಜ್ಞರ ಉತ್ತರ

ಕಟ್ಟಡ ಕಾರ್ಮಿಕರ ವಿಶ್ರಾಂತಿ ಕೊಠಡಿ, ಊಟದ ಕ್ಯಾಬಿನ್, ಶೌಚಾಲಯ, ಕೈತೊಳೆಯುವ ಜಾಗ ಇವಕ್ಕೆಲ್ಲ ಸೋಲಾರ್ ಅಳವಡಿಸುವ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ಹಾಗಾಗಿ ಕೆಲವನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಸೈಟಿನಲ್ಲಿ 30 ಜನ ಕೆಲಸಗಾರರಿದ್ದಾರೆ. 20 ಅಡಿಯ ಒಂದು ಕಂಟೇನರ್ ಕ್ಯಾಬಿನ್, ಪಕ್ಕದಲ್ಲಿ ಶೌಚಾಲಯ. 3 ಕಿಲೋವ್ಯಾಟ್ ಪ್ಯಾನೆಲ್ ಹಾಕಿಸಿದರೆ ಎಲ್ಲವೂ ಸೋಲಾರ್‌ನಲ್ಲೇ ನಡೆಯುತ್ತದೆ ಎಂದು ಮಾರಾಟಗಾರರು ಹೇಳುತ್ತಿದ್ದಾರೆ. ನಂಬಬಹುದೇ? — ಸೈಟ್ ಎಂಜಿನಿಯರ್

ಉತ್ತರ: ‘ಎಲ್ಲವೂ’ ಎಂದರೆ ಏನೇನು ಎಂದು ಅವರಿಂದ ಬರೆಸಿಕೊಳ್ಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಲೆಕ್ಕ ಹಾಕುವಾಗ ಲೋಡುಗಳನ್ನು ಎರಡು ಪಟ್ಟಿ ಮಾಡಿಕೊಳ್ಳಿ. ಬಿಸಿ ಅಥವಾ ತಣ್ಣಗೆ ಮಾಡುವ ಉಪಕರಣಗಳು ಒಂದು ಕಡೆ, ಉಳಿದವೆಲ್ಲ ಇನ್ನೊಂದು ಕಡೆ.

ಮೊದಲು ಉಳಿದವು. 10 ವ್ಯಾಟ್‌ನ ಎಂಟು ಎಲ್‌ಇಡಿ ದೀಪ ನಾಲ್ಕು ಗಂಟೆ ಉರಿದರೆ 0.32 ಯೂನಿಟ್. ಹೊರಗಿನ 20 ವ್ಯಾಟ್‌ನ ಎರಡು ದೀಪ ರಾತ್ರಿ 11 ಗಂಟೆ ಉರಿದರೆ 0.44. ಕಡಿಮೆ ವಿದ್ಯುತ್ ಎಳೆಯುವ ಹೊಸ ಮಾದರಿಯ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್ ತೆಗೆದುಕೊಳ್ಳುತ್ತದೆ. ಅಂಥ ನಾಲ್ಕು ಆರು ಗಂಟೆ ತಿರುಗಿದರೆ 0.72. ಇದೇ ಜಾಗಕ್ಕೆ 75 ವ್ಯಾಟ್‌ನ ಹಳೇ ಮಾದರಿ ಫ್ಯಾನ್ ಹಾಕಿದರೆ 1.8 ಆಗುತ್ತದೆ. 30 ಮೊಬೈಲ್ ಚಾರ್ಜ್ ಮಾಡಲು ಸುಮಾರು 0.45. ಶೌಚಾಲಯದ ಎರಡು ಎಕ್ಸಾಸ್ಟ್ ಫ್ಯಾನ್ ಹಗಲೂ ರಾತ್ರಿ ಓಡಿದರೂ 0.3 ದಾಟದು. ನೀರಿನ ಸಣ್ಣ ಪಂಪ್ 0.25. ಇವೆಲ್ಲದರ ಜೊತೆಗೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಖರ್ಚಿದೆ. ಇನ್ವರ್ಟರ್ ಏನೂ ಕೆಲಸವಿಲ್ಲದೆ ಸುಮ್ಮನೆ ಆನ್ ಆಗಿದ್ದರೂ 30 ವ್ಯಾಟ್ ನುಂಗುತ್ತಿರುತ್ತದೆ, ದಿನಕ್ಕೆ 0.7 ಯೂನಿಟ್. ಎಲ್ಲ ಕೂಡಿಸಿದರೆ 3.2 ಯೂನಿಟ್ ಆಸುಪಾಸು.

ಈಗ ಇನ್ನೊಂದು ಪಟ್ಟಿ. ಊಟದ ಡಬ್ಬಿ ಬಿಸಿ ಮಾಡುವ ಮೈಕ್ರೋವೇವ್ ಒಂದೂಕಾಲು ಗಂಟೆ ನಡೆದರೆ 1.6 ಯೂನಿಟ್. ಒಂದು ಲೀಟರ್ ನೀರು ಕುದಿಯಲು ನಷ್ಟವೂ ಸೇರಿ 0.11 ಯೂನಿಟ್ ಬೇಕು. ದಿನಕ್ಕೆ 12 ಲೀಟರ್ ಎಂದರೆ 1.3. ಕೈಕಾಲು ತೊಳೆಯಲು ತಲಾ ನಾಲ್ಕು ಲೀಟರಿನಂತೆ 120 ಲೀಟರ್ ನೀರನ್ನು 20 ಡಿಗ್ರಿ ಮೇಲೇರಿಸಲು 2.8. ವಾಟರ್ ಕೂಲರ್‌ಗೆ ಎರಡೂವರೆ. ಇಷ್ಟಕ್ಕೇ 8 ಯೂನಿಟ್ ದಾಟಿತು. ಎಸಿ ಇಟ್ಟರೆ ಇನ್ನೂ 7, ಚಳಿ ಪ್ರದೇಶದಲ್ಲಿ 2 ಕಿಲೋವ್ಯಾಟ್‌ನ ರೂಂ ಹೀಟರ್ ಐದು ಗಂಟೆ ಉರಿಸಿದರೆ 10.

ಇನ್ನು ಉತ್ಪಾದನೆಯ ಕಡೆ ನೋಡೋಣ. ಒಳ್ಳೆಯ ಬಿಸಿಲಿನ ದಿನ ನಾಲ್ಕೂವರೆ ಗಂಟೆಯ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಸಿಗುತ್ತದೆ ಎಂದುಕೊಳ್ಳಿ. ಧೂಳು, ಬಿಸಿ, ವೈರು, ಬ್ಯಾಟರಿಯ ನಷ್ಟ ಕಳೆದರೆ ಕೈಗೆ ಬರುವುದು 70 ಶೇಕಡಾ. ಅಂದರೆ 3 ಕಿಲೋವ್ಯಾಟ್‌ನಿಂದ ಸುಮಾರು 9.5 ಯೂನಿಟ್. ಮೋಡ ಕವಿದ ತಿಂಗಳಲ್ಲಿ ಎರಡೇ ಗಂಟೆ ಸಿಕ್ಕರೆ 4.2. ಧ್ರುವದತ್ತ ಇರುವ ದೇಶಗಳ ನಡುಚಳಿಗಾಲದಲ್ಲಿ ಒಂದು ಗಂಟೆಯೂ ಸಿಗದ ದಿನಗಳಿವೆ.

ಹೀಗಾಗಿ ಮೊದಲ ಪಟ್ಟಿಯ 3.2 ಯೂನಿಟ್ಟನ್ನು ವರ್ಷದ ಅತಿ ಕೆಟ್ಟ ತಿಂಗಳಲ್ಲೂ ಸೋಲಾರ್ ಒಂದೇ ಹೊರುವಂತೆ ಅಳತೆ ಮಾಡಿ. ಎರಡನೇ ಪಟ್ಟಿಯದನ್ನು ಬಿಸಿಲು ಮಿಕ್ಕ ದಿನ ಸೋಲಾರ್‌ನಿಂದ, ಮಿಕ್ಕದ ದಿನ ಜನರೇಟರ್ ಅಥವಾ ಲೈನ್ ವಿದ್ಯುತ್ತಿನಿಂದ ನಡೆಸಿ. ಎರಡು ಗಂಟೆ ಬಿಸಿಲಿನ ಲೆಕ್ಕಕ್ಕೆ 2.3 ಕಿಲೋವ್ಯಾಟ್ ಸಾಕು. 20 ಅಡಿ ಕಂಟೇನರ್‌ನ ಚಾವಣಿ ಸುಮಾರು 6 ಮೀಟರ್ ಉದ್ದ, 2.4 ಮೀಟರ್ ಅಗಲ. 550 ವ್ಯಾಟ್‌ನ ಪ್ಯಾನೆಲ್ 2.28 ಮೀಟರ್ ಉದ್ದ, 1.13 ಮೀಟರ್ ಅಗಲ. ಅಡ್ಡಲಾಗಿ ಐದು ಕೂರುತ್ತವೆ, ಆರನೆಯದು ಹೊರಚಾಚುತ್ತದೆ. ಐದು ಎಂದರೆ 2.75 ಕಿಲೋವ್ಯಾಟ್. ಮಾರಾಟಗಾರರು 3 ಕಿಲೋವ್ಯಾಟ್ ಎಂದಾಗ ಆ ಆರನೆಯದನ್ನು ಎಲ್ಲಿ ಇಡುತ್ತಾರೆ ಎಂದೂ ಕೇಳಿ.

ಐದು ಪ್ಯಾನೆಲ್‌ಗಳನ್ನು ಸರಣಿಯಲ್ಲಿ ಜೋಡಿಸುವಾಗ ಒಂದು ಎಚ್ಚರ. ತಲಾ 49.5 ವೋಲ್ಟ್ ತೆರೆದ ವೋಲ್ಟೇಜ್ (ಲೋಡ್ ಇಲ್ಲದಾಗಿನ ವೋಲ್ಟೇಜ್) ಎಂದರೆ ಒಟ್ಟು 247. ಪ್ಯಾನೆಲ್‌ನಿಂದ ಬ್ಯಾಟರಿ ತುಂಬಿಸುವ, 250 ವೋಲ್ಟ್ ಮಿತಿಯ ಚಾರ್ಜ್ ಕಂಟ್ರೋಲರ್‌ಗೆ ಸರಿಹೋಯಿತು ಅನ್ನಿಸುತ್ತದೆ. ಆದರೆ ಆ 49.5 ಅಳೆದದ್ದು 25 ಡಿಗ್ರಿಯಲ್ಲಿ. ತಾಪ ಒಂದು ಡಿಗ್ರಿ ಇಳಿದರೆ ವೋಲ್ಟೇಜ್ ಸುಮಾರು 0.27 ಶೇಕಡಾ ಏರುತ್ತದೆ. 5 ಡಿಗ್ರಿಯ ಮುಂಜಾನೆ ಅದೇ ಸಾಲು 260 ದಾಟುತ್ತದೆ, ಕಂಟ್ರೋಲರ್ ಸುಡುತ್ತದೆ. 450 ವೋಲ್ಟ್ ಮಿತಿಯದನ್ನು ಕೊಳ್ಳಿ.

ಪ್ರಶ್ನೆ: ರಾತ್ರಿ ಕಾವಲುಗಾರನ ದೀಪ, ಫ್ಯಾನ್, ಒಂದು ಸಣ್ಣ ಫ್ರಿಜ್ ಇಷ್ಟಕ್ಕೇ 20 ಕೆವಿಎ ಜನರೇಟರ್ ಓಡುತ್ತಿರುತ್ತದೆ. ಸೈಲೆನ್ಸರ್‌ನಿಂದ ಕಪ್ಪು ಎಣ್ಣೆ ಜಿನುಗುತ್ತಿದೆ. ಸೋಲಾರ್ ಹಾಕಿದರೆ ಡೀಸೆಲ್ ನಿಜವಾಗಿ ಉಳಿಯುತ್ತದೆಯೇ? — ಗುತ್ತಿಗೆದಾರರು

ಉತ್ತರ: ಅತಿ ಹೆಚ್ಚು ಉಳಿಯುವುದು ಇಂಥ ಸೈಟಿನಲ್ಲೇ. 20 ಕೆವಿಎ ಯಂತ್ರ ಬರೀ ಅರ್ಧ ಕಿಲೋವ್ಯಾಟ್ ಲೋಡಿಗೆ ಓಡಿದರೂ ಗಂಟೆಗೆ ಒಂದು ಲೀಟರ್ ಆಸುಪಾಸು ಕುಡಿಯುತ್ತದೆ. 12 ಗಂಟೆಗೆ 12 ಲೀಟರ್ ಸುಟ್ಟು ನೀವು ಪಡೆದದ್ದು 6 ಯೂನಿಟ್, ಅಂದರೆ ಯೂನಿಟ್ಟಿಗೆ ಎರಡು ಲೀಟರ್. ಅದೇ ಯಂತ್ರ ಮುಕ್ಕಾಲು ಲೋಡಿನಲ್ಲಿ ಓಡಿದರೆ ಯೂನಿಟ್ಟಿಗೆ 0.3 ಲೀಟರ್ ಸಾಕು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಅದೂ ಲೆಕ್ಕದಲ್ಲಿರಲಿ.

ಜಿನುಗುವ ಕಪ್ಪು ಎಣ್ಣೆ ಪೂರ್ತಿ ಉರಿಯದ ಡೀಸೆಲ್. ಲೋಡ್ 30 ಶೇಕಡಾಕ್ಕಿಂತ ಕಡಿಮೆ ಇದ್ದರೆ ಸಿಲಿಂಡರ್ ಬೇಕಾದಷ್ಟು ಕಾಯುವುದಿಲ್ಲ. ಇಂಜೆಕ್ಟರ್ ತುದಿಗೆ ಮಸಿ ಕಟ್ಟುತ್ತದೆ, ಸಿಲಿಂಡರ್ ಗೋಡೆ ಗಾಜಿನಂತೆ ನುಣುಪಾಗಿ ಪಿಸ್ಟನ್ ರಿಂಗ್ ಹಿಡಿತ ತಪ್ಪುತ್ತದೆ. ಈಗಿನ್ನೂ ಜಿನುಗುವ ಹಂತದಲ್ಲಿದ್ದರೆ ಎರಡು ಮೂರು ಗಂಟೆ 70–80 ಶೇಕಡಾ ಲೋಡಿನಲ್ಲಿ ಓಡಿಸಿ, ಬಹುಮಟ್ಟಿಗೆ ಶುದ್ಧವಾಗುತ್ತದೆ. ಎಂಜಿನ್ ಆಯಿಲ್ ಕಡಿಮೆಯಾಗುತ್ತ ನೀಲಿ ಹೊಗೆ ಬರುತ್ತಿದ್ದರೆ ಮೆಕ್ಯಾನಿಕ್ ಕೈಗೆ ಕೊಡಬೇಕಾದೀತು.

ಬ್ಯಾಟರಿ ಬಂದ ಮೇಲೆ ಜನರೇಟರನ್ನು ಕೆಲಸಕ್ಕೆ ಹಚ್ಚುವ ರೀತಿಯೇ ಬದಲಾಗಬೇಕು. ಅದು ರಾತ್ರಿ ಓಡಬಾರದು. ಬ್ಯಾಟರಿ 30 ಶೇಕಡಾಕ್ಕೆ ಇಳಿದರೆ ತಾನೇ ಚಾಲೂ ಆಗಿ 80ಕ್ಕೆ ನಿಲ್ಲುವಂತೆ ಸೆಟ್ ಮಾಡಿ. 100ರವರೆಗೆ ತುಂಬಿಸಿದರೆ ಮರುದಿನದ ಬಿಸಿಲಿಗೆ ಜಾಗವೇ ಇರುವುದಿಲ್ಲ, ಪ್ಯಾನೆಲ್ ಸುಮ್ಮನೆ ಕೂತಿರುತ್ತದೆ. ಇದಕ್ಕಿಂತ ಒಳ್ಳೆಯ ಉಪಾಯವೆಂದರೆ ಬಿಸಿಲಿಲ್ಲದ ದಿನ ಊಟದ ಹೊತ್ತಿಗೆ ಅದನ್ನು ಓಡಿಸುವುದು. ಮೈಕ್ರೋವೇವ್, ಕೆಟಲ್, ನೀರಿನ ಹೀಟರ್, ಬ್ಯಾಟರಿ ಚಾರ್ಜರ್ ಎಲ್ಲ ಒಟ್ಟಿಗೆ ಬಂದಾಗ ಲೋಡ್ ಚೆನ್ನಾಗಿ ಸಿಗುತ್ತದೆ, ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಆಗ 20 ಕೆವಿಎ ಬೇಕಾಗಿಯೂ ಇಲ್ಲ, 8 ಕೆವಿಎ ಸಾಕು.

ವಾರಗಟ್ಟಲೆ ಓಡದ ಜನರೇಟರ್ ಬೇಕಾದ ದಿನ ಸ್ಟಾರ್ಟ್ ಆಗದಿರುವುದು ಸಾಮಾನ್ಯ. ಕಾರಣ ಬಹಳ ಸಲ ಅದರ ಸ್ವಂತ 12 ವೋಲ್ಟ್ ಬ್ಯಾಟರಿ ಇಳಿದಿರುತ್ತದೆ. ಸೋಲಾರ್ ಕಡೆಯಿಂದ ಅದಕ್ಕೊಂದು ಸಣ್ಣ ಚಾರ್ಜರ್ ಕೊಡಿ. ತಿಂಗಳಿಗೊಮ್ಮೆ ಅರ್ಧ ಗಂಟೆ ಲೋಡ್ ಹಾಕಿ ಓಡಿಸಿ.

ಪ್ರಶ್ನೆ: 150 ಆಂಪಿಯರ್-ಅವರ್‌ನ ನಾಲ್ಕು ಟ್ಯೂಬ್ಯುಲರ್ ಬ್ಯಾಟರಿ ಹಾಕಿದ್ದೆವು. ವರ್ಷ ತುಂಬುವ ಮೊದಲೇ ಸಂಜೆಯಾಗುತ್ತಿದ್ದಂತೆ ಇನ್ವರ್ಟರ್ ಕೂಗಲು ಶುರು. ಲಿಥಿಯಂ ಹಾಕಿದರೆ ತೊಂದರೆ ತಪ್ಪುತ್ತದೆಯೇ? — ಎಲೆಕ್ಟ್ರಿಷಿಯನ್

ಉತ್ತರ: ಟ್ಯೂಬ್ಯುಲರ್ ಎಂಬುದು ಲೆಡ್ ಆಸಿಡ್ ಬ್ಯಾಟರಿಯೇ. ಅದನ್ನು ಸೈಟಿನಲ್ಲಿ ಕೊಲ್ಲುವುದು ಅತಿಬಳಕೆಗಿಂತ ಹೆಚ್ಚಾಗಿ ಅರೆಹೊಟ್ಟೆ. ದಿನವೂ 85–90 ಶೇಕಡಾದವರೆಗೆ ತುಂಬಿ, ಪೂರ್ತಿ ತುಂಬುವ ಮೊದಲೇ ಸಂಜೆಯ ಲೋಡ್ ಬಿದ್ದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತ ಹೋಗುತ್ತದೆ. 12 ವೋಲ್ಟ್‌ನ ಒಂದು ಬ್ಯಾಟರಿ 14.4 ವೋಲ್ಟ್ ಅಥವಾ ಸ್ವಲ್ಪ ಮೇಲೆ ಕನಿಷ್ಠ ಎರಡು ಗಂಟೆ ನಿಲ್ಲಬೇಕು. ಕೊನೆಯ 10 ಶೇಕಡಾ ತುಂಬುವುದು ಆಗಲೇ. ಕ್ಯಾಬಿನ್ ಒಳಗಿನ ಸೆಕೆ ಇನ್ನೊಂದು ಶತ್ರು. 25 ಡಿಗ್ರಿಯಿಂದ ಪ್ರತಿ 10 ಡಿಗ್ರಿ ಏರಿದಾಗಲೂ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ.

ಹೊಸದು ಕೊಳ್ಳುವ ಮುಂಚೆ ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಿ ನೋಡಿ. ಒಂದೇ ಬ್ಯಾಟರಿಯ ಆರು ಸೆಲ್‌ಗಳ ನಡುವೆ 0.030ಕ್ಕಿಂತ ಹೆಚ್ಚು ಅಂತರವಿದ್ದರೆ ಆ ಬ್ಯಾಟರಿ ಸಾಲಿನ ಉಳಿದ ಮೂರನ್ನೂ ಕೆಳಗೆಳೆಯುತ್ತಿದೆ. ಎಲ್ಲ ಸೆಲ್‌ಗಳೂ ಒಂದೇ ಸಮ ಕಡಿಮೆ ತೋರಿಸಿದರೆ ತಯಾರಕರು ಹೇಳಿದ ವೋಲ್ಟೇಜಿನಲ್ಲಿ ಈಕ್ವಲೈಸ್ ಚಾರ್ಜ್ (ಮಾಮೂಲಿಗಿಂತ ಹೆಚ್ಚಿನ ವೋಲ್ಟೇಜಿನ ಚಾರ್ಜ್) ಕೊಟ್ಟು ನೋಡಿ, ಸ್ವಲ್ಪ ಚೇತರಿಸಿಕೊಂಡೀತು. ಡಿಸ್ಟಿಲ್ಡ್ ನೀರನ್ನು ಚಾರ್ಜ್ ಮುಗಿದ ಮೇಲೆ ತುಂಬಬೇಕು. ಮೊದಲೇ ತುಂಬಿದರೆ ಚಾರ್ಜ್ ಆಗುವಾಗ ಆಸಿಡ್ ಉಕ್ಕುತ್ತದೆ.

ನಿಮ್ಮ ನಾಲ್ಕು ಬ್ಯಾಟರಿಯ ಒಟ್ಟು ಶಕ್ತಿ 7.2 ಯೂನಿಟ್, ಬಾಳಿಕೆ ಬೇಕೆಂದರೆ ಅರ್ಧ ಮಾತ್ರ ಬಳಸಬೇಕು, ಅಂದರೆ 3.6. 51.2 ವೋಲ್ಟ್, 200 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 10.2 ಯೂನಿಟ್ ಇದ್ದು, 80 ಶೇಕಡಾ ಧಾರಾಳವಾಗಿ ಬಳಸಬಹುದು. ಮೇಲೆ ಹೇಳಿದ 30 ಜನರ ಮೊದಲ ಪಟ್ಟಿಗೆ ಅದು ಎರಡೂವರೆ ದಿನ ಬರುತ್ತದೆ. ಅರೆಹೊಟ್ಟೆಯಲ್ಲಿ ಇಟ್ಟರೂ ಅದಕ್ಕೇನೂ ಆಗದು. ಸೈಟಿಗೆ ನಮ್ಮ ಆಯ್ಕೆ ಅದೇ. ಆದರೆ 0 ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು, ಸೆಲ್ ಒಳಗೆ ಲಿಥಿಯಂ ಲೋಹ ಕಟ್ಟಿಕೊಂಡು ಶಾಶ್ವತ ಹಾನಿಯಾಗುತ್ತದೆ. ಇನ್ವರ್ಟರ್ ಮತ್ತು ಬಿಎಂಎಸ್ (ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್) ನಡುವಿನ ಸಂವಹನ ಕೇಬಲ್ಲನ್ನು ತಪ್ಪದೆ ಜೋಡಿಸಿ. ಹಳೇ ಲೆಡ್ ಆಸಿಡ್ ಸೆಟಿಂಗ್ ಹಾಗೇ ಬಿಟ್ಟರೆ ಈಕ್ವಲೈಸ್ ವೋಲ್ಟೇಜ್ ಬಂದು ಬಿಎಂಎಸ್ ಕಡಿತಗೊಳ್ಳುತ್ತಿರುತ್ತದೆ, ಎಲ್ಲರೂ ಬ್ಯಾಟರಿಯನ್ನೇ ಬೈಯುತ್ತಾರೆ.

ಲೆಡ್ ಆಸಿಡನ್ನೇ ಉಳಿಸಿಕೊಳ್ಳುವುದಾದರೆ ಅದನ್ನು ಊಟದ ಕ್ಯಾಬಿನ್‌ನ ಬೆಂಚಿನ ಕೆಳಗೆ ಇಡಬೇಡಿ. ಚಾರ್ಜ್ ಆಗುವಾಗ ಹೊರಬರುವ ಹೈಡ್ರೋಜನ್ ಗಾಳಿಯಲ್ಲಿ 4 ಶೇಕಡಾ ಮುಟ್ಟಿದರೆ ಒಂದು ಕಿಡಿ ಸಾಕು. ಹೊರಗೋಡೆಗೆ, ಮೇಲೂ ಕೆಳಗೂ ಗಾಳಿಕಿಂಡಿ ಇರುವ ಪೆಟ್ಟಿಗೆ ಬೇಕು.

ಪ್ರಶ್ನೆ: ಬೇಸಿಗೆಯಲ್ಲಿ ತಣ್ಣೀರು ಕೊಡಬೇಕು. ಸೋಲಾರ್‌ನಲ್ಲಿ ಕೂಲರ್ ನಡೆಸಬಹುದೇ? ಎಷ್ಟು ನೀರು ಬೇಕು?

ಉತ್ತರ: ಬಿಸಿಲಲ್ಲಿ ದುಡಿಯುವವರಿಗೆ ಪ್ರತಿ 15–20 ನಿಮಿಷಕ್ಕೊಂದು ಲೋಟ, ಸುಮಾರು 250 ಮಿಲಿ ಎಂಬುದು ರೂಢಿಯ ಸಲಹೆ. ಅಂದರೆ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್. 30 ಜನರಿಗೆ ಎಂಟು ಗಂಟೆಗೆ 180ರಿಂದ 240 ಲೀಟರ್ ಇಟ್ಟುಕೊಳ್ಳಿ. 200 ಲೀಟರ್ ನೀರನ್ನು 32 ಡಿಗ್ರಿಯಿಂದ 15ಕ್ಕೆ ಇಳಿಸಲು 4 ಯೂನಿಟ್ಟಿನಷ್ಟು ಶಾಖ ತೆಗೆಯಬೇಕು. ಕಂಪ್ರೆಸರ್ ಒಂದು ಯೂನಿಟ್ ವಿದ್ಯುತ್ತಿಗೆ ಎರಡು ಯೂನಿಟ್ ಶಾಖ ತೆಗೆಯುತ್ತದೆ ಎಂದುಕೊಂಡರೆ 2 ಯೂನಿಟ್, ತೊಟ್ಟಿಯಿಂದ ಸೋರುವ ಚಳಿಗೆ ಇನ್ನರ್ಧ. ಸೋಲಾರ್‌ಗೆ ಹೇಳಿ ಮಾಡಿಸಿದ ಲೋಡ್ ಇದು. ಬಿಸಿಲು ಜೋರಾದಂತೆ ಬಾಯಾರಿಕೆಯೂ ಜೋರು, ಪ್ಯಾನೆಲ್ ಉತ್ಪಾದನೆಯೂ ಜೋರು. ಕೂಲರ್‌ಗೆ ಟೈಮರ್ ಹಾಕಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಮಾತ್ರ ಓಡಿಸಿ. ತೊಟ್ಟಿಗೆ 50 ಮಿಮೀ ದಪ್ಪದ ಪಫ್ (ಶಾಖ ತಡೆಯುವ ಫೋಮ್) ಹೊದಿಕೆಯಿದ್ದರೆ ರಾತ್ರಿ ಕಳೆದರೂ ನೀರು ತಂಪಾಗಿಯೇ ಇರುತ್ತದೆ. ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುವುದರಿಂದ ಇನ್ವರ್ಟರ್‌ನ ಸರ್ಜ್ ಸಾಮರ್ಥ್ಯ ನೋಡಿ ಕೊಳ್ಳಿ.

ಪ್ರಶ್ನೆ: ಕೈತೊಳೆಯಲು ಬಿಸಿನೀರು ಐಷಾರಾಮವಲ್ಲವೇ? ಕೊಡಲೇಬೇಕೆಂದರೆ ಸೋಲಾರ್ ವಾಟರ್ ಹೀಟರ್ ಒಳ್ಳೆಯದೋ, ಪ್ಯಾನೆಲ್ ವಿದ್ಯುತ್ತಿನ ಹೀಟರೋ? — ಸೂಪರ್‌ವೈಸರ್

ಉತ್ತರ: ಹಸಿ ಸಿಮೆಂಟಿನ ಪಿಎಚ್ 12–13. ಚರ್ಮದ ಮೇಲೆ ಗಂಟೆಗಟ್ಟಲೆ ಉಳಿದರೆ ನೋವೇ ಗೊತ್ತಾಗದಂತೆ ಸುಡುತ್ತದೆ. ಅದರಲ್ಲಿರುವ ಕ್ರೋಮಿಯಂ ಕೆಲವರಿಗೆ ಜೀವಮಾನವಿಡೀ ಕಾಡುವ ಅಲರ್ಜಿ ತರುತ್ತದೆ. ಚಳಿಯ ಬೆಳಗಿನಲ್ಲಿ ಮಂಜುಗಡ್ಡೆಯಂಥ ನೀರಿಟ್ಟರೆ ಜನ ಬೆರಳ ತುದಿ ಅದ್ದಿ ಹೋಗುತ್ತಾರೆ. ಬೆಚ್ಚಗಿನ ಹರಿಯುವ ನೀರು ಇಟ್ಟರೆ ಮೊಣಕೈವರೆಗೆ ತೊಳೆಯುತ್ತಾರೆ. ಹಾಗಾಗಿ ಐಷಾರಾಮದ ಮಾತು ಬೇಡ.

ಸೋಲಾರ್ ವಾಟರ್ ಹೀಟರ್ ಅದೇ ಚಾವಣಿ ಜಾಗದಲ್ಲಿ ವಿದ್ಯುತ್ ಪ್ಯಾನೆಲ್‌ಗಿಂತ ಹೆಚ್ಚು ಶಾಖ ಹಿಡಿಯುತ್ತದೆ, ನಿಜ. ಆದರೆ ಗಾಜಿನ ಕೊಳವೆಗಳು ಕ್ಯಾಬಿನ್ ಲಾರಿ ಏರಿದಾಗಲೆಲ್ಲ ಒಡೆಯುತ್ತವೆ, ಚಾವಣಿಯ ಮೇಲೆ ನೂರಾರು ಕೆಜಿ ನೀರು ನಿಲ್ಲುತ್ತದೆ. ಎರಡು ಮೂರು ವರ್ಷ ಕದಲದ ಸೈಟಾದರೆ ನೆಲದ ಮೇಲೆ ಸ್ಟ್ಯಾಂಡ್ ಕೊಟ್ಟು ಹಾಕಿ. ಆಗಾಗ ಸ್ಥಳ ಬದಲಿಸುವ ಕ್ಯಾಬಿನ್‌ಗೆ 50 ಲೀಟರ್ ಗೀಸರ್ ಇಟ್ಟು, ಬ್ಯಾಟರಿ ತುಂಬಿದ ನಂತರ ಮಿಕ್ಕ ಸೌರ ವಿದ್ಯುತ್ ಅದಕ್ಕೆ ಹರಿಯುವಂತೆ ರಿಲೇ ಹಾಕುವುದೇ ಸರಿ. ಎಲಿಮೆಂಟ್ 1 ಕಿಲೋವ್ಯಾಟ್ ದಾಟದಿರಲಿ. 3 ಕಿಲೋವ್ಯಾಟ್‌ನದು ಹಾಕಿದರೆ ಮೋಡದ ತುಣುಕೊಂದು ಅಡ್ಡ ಬಂದರೂ ಬ್ಯಾಟರಿ ಹೀರತೊಡಗುತ್ತದೆ.

ಈ ಪದ್ಧತಿಯಲ್ಲಿ ಒಂದು ಅಪಾಯ ಅಡಗಿದೆ. ನ್ಯುಮೋನಿಯಾ ತರುವ ಲೀಜನೆಲ್ಲಾ ಬ್ಯಾಕ್ಟೀರಿಯಾಗೆ 20ರಿಂದ 45 ಡಿಗ್ರಿಯ ನಿಂತ ನೀರು ಬಹಳ ಇಷ್ಟ. ಅರೆಬಿಸಿಲಿನ ದಿನಗಳಲ್ಲಿ ಗೀಸರ್ 38–40 ಡಿಗ್ರಿಯಲ್ಲೇ ನಿಂತುಬಿಡಬಹುದು. ತೊಟ್ಟಿಯ ನೀರು ದಿನಕ್ಕೊಮ್ಮೆಯಾದರೂ 60 ಡಿಗ್ರಿ ಮುಟ್ಟಲೇಬೇಕು. ಬಿಸಿಲು ಸಾಲದಿದ್ದರೆ ಊಟದ ಹೊತ್ತಿನ ಜನರೇಟರ್ ಅದನ್ನು ಪೂರೈಸಲಿ. 60 ಡಿಗ್ರಿ ನೀರು ನೇರ ಕೈಗೆ ಬಿದ್ದರೆ ಸುಡುವುದರಿಂದ ನಲ್ಲಿಗೆ ಮುಂಚೆ ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವ್ ಹಾಕಿ 41 ಡಿಗ್ರಿಗೆ ಕಟ್ಟಿ. ರಜೆಯ ನಂತರ ಸೈಟ್ ತೆರೆದ ದಿನ ಎಲ್ಲ ನಲ್ಲಿ, ಶವರ್‌ಗಳನ್ನೂ ಹನಿ ಸಿಡಿಯದಂತೆ ಕೆಲವು ನಿಮಿಷ ಹರಿಯಬಿಡಿ.

ಪ್ರಶ್ನೆ: ಕ್ಯಾಬಿನ್‌ನ ಕಬ್ಬಿಣ ಮುಟ್ಟಿದರೆ ಸಣ್ಣಗೆ ಜುಮ್ಮೆನ್ನುತ್ತದೆ. ಕರೆಂಟ್ ಸೋರಿದರೆ ತಾನೇ ಕಡಿತಗೊಳ್ಳುವ ಆರ್‌ಸಿಸಿಬಿ ಸ್ವಿಚ್‌ನ ಟೆಸ್ಟ್ ಬಟನ್ ಒತ್ತಿದರೆ ಅದು ಬೀಳುತ್ತದೆ, ಆದರೆ ಫೇಸ್ ಮತ್ತು ಅರ್ತ್ ನಡುವೆ ಬಲ್ಬ್ ಹಿಡಿದರೆ ಉರಿಯುವುದೂ ಇಲ್ಲ, ಆರ್‌ಸಿಸಿಬಿ ಬೀಳುವುದೂ ಇಲ್ಲ. ಇನ್ವರ್ಟರ್ ಕೆಟ್ಟಿದೆಯೇ? — ಎಲೆಕ್ಟ್ರಿಷಿಯನ್

ಉತ್ತರ: ಇನ್ವರ್ಟರ್ ಕೆಟ್ಟಿಲ್ಲ, ನ್ಯೂಟ್ರಲ್‌ಗೆ ಅರ್ತ್ ಸಂಪರ್ಕವಿಲ್ಲ. ಈ ಸಲ ಬಂದ ಪ್ರಶ್ನೆಗಳಲ್ಲಿ ಜೀವಕ್ಕೆ ಸಂಬಂಧಿಸಿದ್ದು ಇದು, ಸ್ವಲ್ಪ ನಿಧಾನವಾಗಿ ನೋಡೋಣ.

ಲೈನ್ ವಿದ್ಯುತ್ತಿನಲ್ಲಿ ನ್ಯೂಟ್ರಲ್ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಬಳಿ ಭೂಮಿಗೆ ಕಟ್ಟಿರುತ್ತದೆ. ಬಿಡಿಯಾಗಿ ನಡೆಯುವ ಇನ್ವರ್ಟರ್‌ನಲ್ಲಿ ಎರಡೂ ತಂತಿ ಭೂಮಿಯ ಸಂಬಂಧವಿಲ್ಲದೆ ತೇಲುತ್ತಿರುತ್ತವೆ. ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದಾಗಿ ಲೋಹದ ಮೈ ಅರ್ಧ ವೋಲ್ಟೇಜಿನ ಸುತ್ತಮುತ್ತ ನಿಲ್ಲುತ್ತದೆ. ಜುಮ್ಮೆನ್ನುವುದು ಅದೇ, ಮತ್ತು ಕ್ಯಾಬಿನ್ ಮೈಯ ಅರ್ತಿಂಗ್ ಸರಿಯಿಲ್ಲ ಎಂಬುದಕ್ಕೂ ಅದು ಸಾಕ್ಷಿ. ಆರ್‌ಸಿಸಿಬಿ ಬೀಳಬೇಕಾದರೆ ಸೋರಿದ ಕರೆಂಟ್ ಭೂಮಿಯ ಮೂಲಕ ಮೂಲಕ್ಕೆ ಮರಳುವ ದಾರಿ ಇರಬೇಕು. ದಾರಿಯೇ ಇಲ್ಲದಿದ್ದರೆ ಅದು ಬೀಳದು. ಟೆಸ್ಟ್ ಬಟನ್ ಪರೀಕ್ಷಿಸುವುದು ಆ ಉಪಕರಣವನ್ನು ಮಾತ್ರ, ಅರ್ತಿಂಗನ್ನಲ್ಲ. ಅದಕ್ಕೆ ಭೂಮಿ ಬೇಕಿಲ್ಲ. ಅದು ಬಿದ್ದಿತೆಂದು ನೆಮ್ಮದಿಯಿಂದ ಇದ್ದರೆ ಎರಡನೇ ದೋಷ ಬಂದ ದಿನ ಯಾರೋ ಒಬ್ಬರಿಗೆ ಪೂರ್ತಿ ಹೊಡೆತ ಬೀಳುತ್ತದೆ.

ಸರಿಪಡಿಸುವ ಕ್ರಮ ಹೀಗೆ. ಮೊದಲು ಇನ್ವರ್ಟರ್ ಕೈಪಿಡಿಯಲ್ಲಿ ಔಟ್‌ಪುಟ್ ನ್ಯೂಟ್ರಲ್ಲನ್ನು ಅರ್ತ್‌ಗೆ ಕಟ್ಟಲು ಅನುಮತಿ ಇದೆಯೇ ನೋಡಿ. ಅಗ್ಗದ ಕೆಲವು ಇನ್ವರ್ಟರ್‌ಗಳು ಹಾಗೆ ಕಟ್ಟಿದ ಕೂಡಲೇ ಸುಡುತ್ತವೆ. ಅಂಥದ್ದಾದರೆ ಇನ್ವರ್ಟರನ್ನೇ ಬದಲಿಸಿ, ಬೇರೆ ದಾರಿ ಹುಡುಕಬೇಡಿ. ಅನುಮತಿಯಿದ್ದರೆ ಆರ್‌ಸಿಸಿಬಿಗೆ ಮುಂಚೆ, ಒಂದೇ ಒಂದು ಜಾಗದಲ್ಲಿ, ನ್ಯೂಟ್ರಲ್ಲನ್ನು ಅರ್ತ್ ಪಟ್ಟಿಗೆ ಕಟ್ಟಿ. ಆರ್‌ಸಿಸಿಬಿ ನಂತರ ಕಟ್ಟಿದರೆ ಅದು ಕಾರಣವಿಲ್ಲದೆ ಬೀಳುತ್ತದೆ, ಇಲ್ಲವೇ ಕುರುಡಾಗುತ್ತದೆ. ಜನರೇಟರ್‌ಗೆ ತನ್ನದೇ ನ್ಯೂಟ್ರಲ್ ಅರ್ತಿಂಗ್ ಇದ್ದರೆ, ಅದು ಚಾಲೂ ಆದಾಗ ಇನ್ವರ್ಟರ್ ಕಡೆಯ ಸಂಪರ್ಕ ಬಿಡಿಸುವ ರಿಲೇ ಬೇಕು. ಒಳ್ಳೆಯ ಇನ್ವರ್ಟರ್‌ಗಳಲ್ಲಿ ಈ ರಿಲೇ ಒಳಗೇ ಇರುತ್ತದೆ, ಸೆಟಿಂಗ್‌ನಲ್ಲಿ ಆನ್ ಮಾಡಬೇಕಷ್ಟೆ. ಕ್ಯಾಬಿನ್ ಮೈ, ಪ್ಯಾನೆಲ್ ಚೌಕಟ್ಟು, ಶೌಚಾಲಯದ ಘಟಕ, ಜನರೇಟರ್ ಮೈ ಎಲ್ಲವೂ ದಪ್ಪ ತಾಮ್ರದ ತಂತಿಯಿಂದ ಒಂದೇ ಅರ್ತ್ ಪಟ್ಟಿಗೆ ಬರಲಿ. ಕೊನೆಗೆ ಪ್ರತಿ ಸಾಕೆಟ್‌ನಲ್ಲೂ ಆರ್‌ಸಿಸಿಬಿ ಪರೀಕ್ಷಿಸುವ ಆರ್‌ಸಿಡಿ ಟೆಸ್ಟರ್ ಹಾಕಿ ನೋಡಿ: 30 ಮಿಲಿಆಂಪಿಯರ್‌ಗೆ 300 ಮಿಲಿಸೆಕೆಂಡಿನೊಳಗೆ ಬೀಳಬೇಕು. ಒಮ್ಮೆ ಇನ್ವರ್ಟರ್ ಮೇಲೆ, ಒಮ್ಮೆ ಜನರೇಟರ್ ಮೇಲೆ, ಎರಡೂ ಸಲ. ಬಲ್ಬ್ ಹಿಡಿದು ನೋಡುವ ಅಭ್ಯಾಸ ಬಿಟ್ಟುಬಿಡಿ.

ಪ್ರಶ್ನೆ: ಮೊದಲ ತಿಂಗಳಿನ ಉತ್ಪಾದನೆಗೆ ಹೋಲಿಸಿದರೆ ಈಗ ಅರ್ಧವೂ ಇಲ್ಲ. ಪ್ಯಾನೆಲ್ ಒರೆಸಿದರೂ ವ್ಯತ್ಯಾಸವಿಲ್ಲ. — ಸೈಟ್ ಎಂಜಿನಿಯರ್

ಉತ್ತರ: ಒರೆಸಿದರೂ ಸುಧಾರಿಸದಿದ್ದರೆ ಮೊದಲ ಅನುಮಾನ ನೆರಳಿನ ಮೇಲೆ. ಕ್ಯಾಬಿನ್ ಇಟ್ಟಾಗ ಪಾಯ ಇತ್ತು, ಈಗ ಐದು ಅಂತಸ್ತು ಎದ್ದಿದೆ. ಕಟ್ಟಡ ಬೆಳೆದಂತೆ ಅದರ ನೆರಳೂ ಬೆಳೆಯುತ್ತದೆ ಎಂಬುದನ್ನು ಸೈಟ್ ನಕ್ಷೆ ಬರೆಯುವವರು ಮರೆಯುತ್ತಾರೆ. ಕಟ್ಟಡದಿಂದ ಸಮಭಾಜಕ ವೃತ್ತದ ಕಡೆಗೆ, ಅಂದರೆ ಉತ್ತರ ಗೋಳಾರ್ಧದಲ್ಲಿ ದಕ್ಷಿಣಕ್ಕೆ, ಕ್ಯಾಬಿನ್ ಇಡುವುದು ನಿಯಮ. ಟವರ್ ಕ್ರೇನಿನ ಕಂಬ, ಸ್ಕ್ಯಾಫೋಲ್ಡಿಂಗ್ ಬಲೆ, ಮೇಲೊಂದು ಪೇರಿಸಿದ ಪಕ್ಕದ ಕ್ಯಾಬಿನ್ ಇವನ್ನೂ ನೋಡಿ. ಒಂದು ಪ್ಯಾನೆಲ್‌ನ ಮೂಲೆಗೆ ಬಿದ್ದ ನೆರಳು, ನೆರಳಾದ ಭಾಗವನ್ನು ಬಿಟ್ಟು ಕರೆಂಟ್ ಸಾಗಿಸುವ ಬೈಪಾಸ್ ಡಯೋಡ್ ಮೂಲಕ ಆ ಪ್ಯಾನೆಲ್‌ನ ಮೂರನೇ ಒಂದು ಭಾಗವನ್ನೇ ಸುಮ್ಮನಾಗಿಸುತ್ತದೆ. ಬಿಸಿಲಿನ ದಿನ ಗಂಟೆಗೊಮ್ಮೆ ಚಾವಣಿಯ ಫೋಟೋ ತೆಗೆದು ಕಂಟ್ರೋಲರ್ ಅಂಕಿಯ ಜೊತೆ ಹೋಲಿಸಿ, ಯಾವ ಹೊತ್ತಿಗೆ ಏನು ಅಡ್ಡ ಬರುತ್ತದೆ ಎಂದು ಒಂದೇ ದಿನದಲ್ಲಿ ಗೊತ್ತಾಗುತ್ತದೆ.

ಎರಡನೆಯದು ಒರೆಸಿದ ರೀತಿ. ಸಿಮೆಂಟ್ ಧೂಳು ಮಾಮೂಲಿ ಮಣ್ಣಿನಂತಲ್ಲ. ರಾತ್ರಿಯ ಇಬ್ಬನಿ ಕುಡಿದು ಗಟ್ಟಿಯಾಗಿ ತೆಳು ಪೊರೆ ಕಟ್ಟುತ್ತದೆ, ಕೆಳ ಅಂಚಿನ ಚೌಕಟ್ಟಿಗೆ ತಾಗಿದಲ್ಲಿ ಎರಡು ಬೆರಳು ಅಗಲದ ಬಿಳಿ ಪಟ್ಟಿಯಾಗಿ ಕಾಣುತ್ತದೆ. ಒಣಬಟ್ಟೆಯಲ್ಲಿ ಉಜ್ಜಿದರೆ ಪೊರೆ ಹೋಗದು, ಗಾಜು ಗೀರುತ್ತದೆ. ಬಿಸಿಲೇರುವ ಮುಂಚೆ ಧಾರಾಳ ನೀರು ಹರಿಸಿ, ಉದ್ದ ಹಿಡಿಯ ಮೆದು ಬ್ರಷ್‌ನಿಂದ ತೊಳೆಯಿರಿ. ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಎರಚಬೇಡಿ, ಪ್ರೆಷರ್ ಗನ್ ಬೇಡ, ಪ್ಯಾನೆಲ್ ಮೇಲೆ ಕಾಲಿಡುವುದಂತೂ ಬೇಡವೇ ಬೇಡ: ಗಾಜು ಒಡೆಯದಿದ್ದರೂ ಒಳಗಿನ ಸೆಲ್‌ಗಳು ಬಿರುಕು ಬಿಡುತ್ತವೆ. 10 ಡಿಗ್ರಿಯಾದರೂ ಓರೆ ಕೊಟ್ಟರೆ ಮಳೆಯೇ ಅರ್ಧ ಕೆಲಸ ಮಾಡುತ್ತದೆ. ಹತ್ತಿರದಲ್ಲಿ ಕಟಿಂಗ್ ಮೆಷಿನ್ ಇಟ್ಟು ಕಬ್ಬಿಣ ಕೊಯ್ಯುವುದನ್ನು ನಿಲ್ಲಿಸಿ. ಕಿಡಿಯ ಕಣಗಳು ಗಾಜಿನಲ್ಲಿ ನೆಟ್ಟು ತುಕ್ಕಿನ ಚುಕ್ಕೆಗಳಾಗುತ್ತವೆ, ಅವು ಯಾವ ಬ್ರಷ್‌ಗೂ ಹೋಗವು.

ಮೂರನೆಯದು ಬಿಸಿ. ಪ್ಯಾನೆಲ್ ಮತ್ತು ತಗಡಿನ ನಡುವೆ 10–15 ಸೆಂಮೀ ಗಾಳಿ ಹರಿಯದಿದ್ದರೆ ಸೆಲ್ 65 ಡಿಗ್ರಿ ದಾಟಿ ಹದಿನಾಲ್ಕು ಶೇಕಡಾ ಶಕ್ತಿ ಹೋಗುತ್ತದೆ. ಆ ಅಂತರ ಬಿಟ್ಟರೆ ಇನ್ನೊಂದು ಲಾಭವೂ ಇದೆ. ಪ್ಯಾನೆಲ್ಲೇ ಚಾವಣಿಗೆ ಚಪ್ಪರವಾಗಿ ಒಳಗಿನ ಸೆಕೆ ಇಳಿಯುತ್ತದೆ.

ಪ್ರಶ್ನೆ: ‘ಸೋಲಾರ್ ಟಾಯ್ಲೆಟ್’ ಎಂದು ಮಾರುತ್ತಿದ್ದಾರೆ. ಏನು ವಿಶೇಷ?

ಉತ್ತರ: ದೀಪ, ಎಕ್ಸಾಸ್ಟ್ ಫ್ಯಾನ್, ಪಂಪ್ ಮಾತ್ರ ಸೋಲಾರ್. ಗುಂಡಿ ಖಾಲಿ ಮಾಡುವ ಕೆಲಸ ಹಾಗೇ ಉಳಿಯುತ್ತದೆ. ಒಂದು ಫ್ಲಶ್‌ಗೆ 6 ಲೀಟರ್ ಹೋಗುವ ಕಮೋಡಾದರೆ 30 ಜನ ದಿನಕ್ಕೆ ಮೂರು ಸಲದಂತೆ 540 ಲೀಟರ್. 1,000 ಲೀಟರ್ ತೊಟ್ಟಿ ಎರಡು ದಿನವೂ ಬಾರದು, ಕಡಿಮೆ ನೀರಿನ ಫ್ಲಶ್ ಇರುವುದನ್ನೇ ಆರಿಸಿ. ಇನ್ನೊಂದು ಸಣ್ಣ ಆದರೆ ಎಲ್ಲೆಡೆ ಕಾಣುವ ದೋಷ: ವಿದ್ಯುತ್ ಉಳಿಸಲೆಂದು ಬಾಗಿಲ ಬಳಿ ಚಲನೆ ಗ್ರಹಿಸುವ ಸೆನ್ಸರ್ ಹಾಕುತ್ತಾರೆ. ಅದಕ್ಕೆ ಅಡ್ಡಗೋಡೆಯ ಆಚೆ ಕೂತವರು ಕಾಣುವುದಿಲ್ಲ, ಎರಡು ನಿಮಿಷಕ್ಕೆ ದೀಪ ಆರಿ ಕತ್ತಲು. 6 ವ್ಯಾಟ್‌ನ ದೀಪಕ್ಕೆ ಇಷ್ಟು ಜಿಪುಣತನ ಏಕೆ? ಪ್ರತಿ ಕೋಣೆಗೂ ಬೇರೆ ಸೆನ್ಸರ್, ಕನಿಷ್ಠ 15 ನಿಮಿಷದ ಅವಧಿ ಇರಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1988ರ ನಿರ್ಮಾಣ ಸುರಕ್ಷತಾ ಒಪ್ಪಂದ, ಅಂದರೆ 167ನೇ ಒಪ್ಪಂದದ 32ನೇ ವಿಧಿ, ಹೆಂಗಸರಿಗೂ ಗಂಡಸರಿಗೂ ಪ್ರತ್ಯೇಕ ಶೌಚ ಮತ್ತು ತೊಳೆಯುವ ವ್ಯವಸ್ಥೆ ಕೇಳುತ್ತದೆ. ಹೆಂಗಸರ ಘಟಕಕ್ಕೆ ಹೋಗುವ ದಾರಿಯ ದೀಪವನ್ನೂ ಮೊದಲ ಪಟ್ಟಿಯಲ್ಲೇ ಸೇರಿಸಿ.

ಪ್ರಶ್ನೆ: ಮಳೆಗಾಲದಲ್ಲಿ ಒದ್ದೆ ಬಟ್ಟೆ ಒಣಗಿಸುವ ಕೋಣೆಯನ್ನು ಸೋಲಾರ್‌ನಲ್ಲಿ ನಡೆಸಲು ಸಾಧ್ಯವೇ?

ಉತ್ತರ: ಹೀಟರ್‌ನಿಂದ ಸಾಧ್ಯವಿಲ್ಲ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.68 ಯೂನಿಟ್ ಬೇಕು. ಒಬ್ಬೊಬ್ಬರ ಬಟ್ಟೆಯಲ್ಲಿ ಒಂದು ಲೀಟರ್ ಇದ್ದರೆ 30 ಜನರಿಗೆ 20 ಯೂನಿಟ್, ಅದೂ ಬಿಸಿಲೇ ಇಲ್ಲದ ದಿನ. ನೀರನ್ನು ಆವಿ ಮಾಡುವ ಬದಲು ಹಿಂಡಿ ತೆಗೆಯಿರಿ. 300 ವ್ಯಾಟ್‌ನ ಸ್ಪಿನ್ನರ್ ನಾಲ್ಕು ನಿಮಿಷ ತಿರುಗಿದರೆ 0.02 ಯೂನಿಟ್ಟಿಗೆ ಬಟ್ಟೆಯ ಅರ್ಧಕ್ಕೂ ಹೆಚ್ಚು ನೀರು ಹೋಗುತ್ತದೆ. ಉಳಿದದ್ದಕ್ಕೆ ಅಗಲ ಹ್ಯಾಂಗರ್, ಕೆಳಗಿನಿಂದ ಗಾಳಿ ಒಳಬಂದು ಮೇಲಿನಿಂದ ಹೊರಹೋಗುವ ಫ್ಯಾನ್, ಸಣ್ಣ ಡಿಹ್ಯೂಮಿಡಿಫೈಯರ್ ಸಾಕು. ರೇನ್‌ಕೋಟ್‌ಗಳನ್ನು ಕೋಣೆಯ ಹೊರಗೆ ತೊಟ್ಟಿಕ್ಕಲು ಬಿಟ್ಟು ಆಮೇಲೆ ಒಳಗೆ ತನ್ನಿ.

ಪ್ರಶ್ನೆ: ಕ್ಯಾಬಿನ್ ಬೇರೆಡೆಗೆ ಸಾಗಿಸುವಾಗ ಪ್ಯಾನೆಲ್ ಬಿಚ್ಚಬೇಕೇ?

ಉತ್ತರ: ಮಡಚುವ ಚೌಕಟ್ಟು ಇಲ್ಲದಿದ್ದರೆ ಬಿಚ್ಚುವುದೇ ಲೇಸು. ನಾಲ್ಕು ಮೂಲೆಯ ಸ್ಲಿಂಗ್ ನಡುವೆ ಒಂದೇ ಕೊಕ್ಕೆಗೆ ಬಂದರೆ ಓರೆಯಾಗಿ ಪ್ಯಾನೆಲ್ ಅಂಚಿಗೆ ಒತ್ತುತ್ತದೆ. ಸ್ಲಿಂಗ್‌ಗಳನ್ನು ಅಗಲಿಸಿ ಹಿಡಿಯುವ ಸ್ಪ್ರೆಡರ್ ಬೀಮ್ ಬಳಸಿ ನೆಟ್ಟಗೆ ಎತ್ತಬೇಕು. ಐದು ಪ್ಯಾನೆಲ್, ಚೌಕಟ್ಟು, ಬ್ಯಾಟರಿ ಸೇರಿ ಮುನ್ನೂರು ಕೆಜಿ ಮೀರುತ್ತದೆ. ಬ್ಯಾಟರಿ ಒಂದು ತುದಿಯಲ್ಲಿದ್ದರೆ ಎತ್ತಿದಾಗ ಆ ಕಡೆ ವಾಲುತ್ತದೆ, ಕ್ರೇನ್ ಚಾಲಕರಿಗೆ ಮೊದಲೇ ತಿಳಿಸಿ. ಡಿಸಿ ಐಸೊಲೇಟರ್ (ಪ್ಯಾನೆಲ್ ಸಾಲಿನ ಮುಖ್ಯ ಸ್ವಿಚ್) ಆಫ್ ಮಾಡಿದರೂ ಬಿಸಿಲು ಇರುವಷ್ಟು ಹೊತ್ತು ಪ್ಯಾನೆಲ್ ಕಡೆಯ ತಂತಿಯಲ್ಲಿ 200 ವೋಲ್ಟ್ ಮೀರಿ ಇರುತ್ತದೆ. ಟಾರ್ಪಾಲ್ ಹೊದಿಸಿ ಬಿಚ್ಚಿ. ಲೋಡ್ ಇರುವಾಗ ಕನೆಕ್ಟರ್ ಎಳೆದರೆ ಆರ್ಕ್ ಹೊಡೆಯುತ್ತದೆ. ಮತ್ತೆ ಜೋಡಿಸುವಾಗ ಬೇರೆ ಬೇರೆ ಕಂಪನಿಯ ಕನೆಕ್ಟರ್‌ಗಳು ಕೂರುವಂತೆ ಕಂಡರೂ ಸೇರಿಸಬೇಡಿ, ಸಡಿಲ ಸಂಪರ್ಕ ಕಾದು ಬೆಂಕಿಗೆ ಕಾರಣವಾಗುತ್ತದೆ.

ಹೊಸ ಜಾಗದಲ್ಲಿ ಕ್ಯಾಬಿನ್ ನೆಲಕ್ಕೆ ಬಿಗಿಯುವುದನ್ನು ಮರೆಯಬೇಡಿ. ಸೆಕೆಂಡಿಗೆ 40 ಮೀಟರ್ ವೇಗದ ಗಾಳಿಗೆ ಒಂದು ಪ್ಯಾನೆಲ್ ಮೇಲೆ ಬೀಳುವ ಒತ್ತಡ ಸುಮಾರು 250 ಕೆಜಿ ತೂಕಕ್ಕೆ ಸಮ. ಅರ್ತ್ ರಾಡ್ ಹೊಸದಾಗಿ ಹೊಡೆದು ಅಳೆಯಬೇಕು. ಹಳೇ ಸೈಟಿನ ಅಳತೆ ಇಲ್ಲಿಗೆ ನಡೆಯದು.

ಪ್ರಶ್ನೆ: ಡ್ರಿಲ್, ಕಟರ್‌ಗಳ ಬ್ಯಾಟರಿಯನ್ನು ಎಲ್ಲರೂ ಊಟದ ಕ್ಯಾಬಿನ್‌ನಲ್ಲೇ ಚಾರ್ಜ್‌ಗೆ ಹಾಕುತ್ತಾರೆ. ರಾತ್ರಿ ದೀಪಕ್ಕೇ ಕರೆಂಟ್ ಇಲ್ಲ. ಸಾಕೆಟ್‌ಗಳಿಗೆ ಬೀಗ ಹಾಕಬಹುದೇ? — ಸ್ಟೋರ್ ಕೀಪರ್

ಉತ್ತರ: 18 ವೋಲ್ಟ್, 5 ಆಂಪಿಯರ್-ಅವರ್‌ನ ಒಂದು ಬ್ಯಾಟರಿ ಎಂದರೆ 0.09 ಯೂನಿಟ್. ಇಪ್ಪತ್ತು ಚಾರ್ಜ್ ಆದರೆ 1.8, ಕ್ಯಾಬಿನ್‌ನ ಇಡೀ ಮೊದಲ ಪಟ್ಟಿಯ ಅರ್ಧಕ್ಕಿಂತ ಹೆಚ್ಚು. ಅದು ಕೆಲಸದ ಖರ್ಚು, ಜನರ ಸೌಕರ್ಯದ ಖರ್ಚಲ್ಲ. ಅದಕ್ಕೆ ಸ್ಟೋರ್‌ನಲ್ಲಿ ಬೇರೆ ಲೈನ್ ಕೊಡಿ.

ಬೀಗ ಬೇಡ. ಬೀಗ ಹಾಕಿದರೆ ಜನ ದೀಪದ ಹೋಲ್ಡರ್‌ನಿಂದ ತಂತಿ ಎಳೆಯುತ್ತಾರೆ, ಅದು ಇನ್ನೂ ಅಪಾಯ. ಮೊಬೈಲಿಗೆ ಗೋಡೆಯ ಮೇಲೆ ತಲಾ 10 ವ್ಯಾಟ್‌ನ 30 ಯುಎಸ್‌ಬಿ ಪೋರ್ಟ್ ಕೊಡಿ, ಅದರಲ್ಲಿ ಡ್ರಿಲ್ ಚಾರ್ಜರ್ ಕೂರುವುದೇ ಇಲ್ಲ. ಮಾಮೂಲಿ ಸಾಕೆಟ್‌ಗಳು, ಕೆಟಲ್, ಮೈಕ್ರೋವೇವ್ ಇವನ್ನು ಬೇರೆ ಎಂಸಿಬಿಗೆ ತಂದು, ಬ್ಯಾಟರಿ 50 ಶೇಕಡಾಕ್ಕೆ ಇಳಿದಾಗ ತಾನೇ ಕಡಿತವಾಗುವ ಕಾಂಟ್ಯಾಕ್ಟರ್ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಹಾಕಿ. 35ಕ್ಕೆ ಕೂಲರ್ ಹೋಗಲಿ. ಜನರೇಟರ್ ಇದ್ದರೆ 30ಕ್ಕೆ ಅದು ಶುರುವಾಗುತ್ತದೆ, ಇಲ್ಲದ ಸೈಟಿನಲ್ಲಿ 25ಕ್ಕೆ ಫ್ಯಾನ್‌ಗಳೂ ನಿಲ್ಲಲಿ. ಶೌಚಾಲಯದ ದೀಪ, ದಾರಿಯ ದೀಪ, ಮೊಬೈಲ್ ಪೋರ್ಟ್, ನೀರಿನ ಪಂಪ್ ಬ್ಯಾಟರಿಯ ಕೊನೆಯವರೆಗೂ ಉಳಿಯಲಿ. ಯಾವುದು ಯಾವಾಗ ನಿಲ್ಲುತ್ತದೆ ಎಂಬ ಚೀಟಿಯನ್ನು ಕೆಲಸಗಾರರೆಲ್ಲ ಓದಬಲ್ಲ ಭಾಷೆಗಳಲ್ಲಿ ಬೋರ್ಡ್ ಪಕ್ಕ ಅಂಟಿಸಿ; ಇಲ್ಲದಿದ್ದರೆ ಕೆಟಲ್ ನಿಂತಾಗಲೆಲ್ಲ ಯಾರಾದರೂ ಹೋಗಿ ಇನ್ವರ್ಟರ್ ಆಫ್ ಮಾಡಿ ಆನ್ ಮಾಡುತ್ತಿರುತ್ತಾರೆ.